ಬೌಲರ್‌ಗೆ ಬೇಕಾದ ಬಲ: ಮುಂದಿನ ಕಾಲಿನಿಂದ ಶುರು ಮಾಡಿ

ದಿನದ ಆಟ ಮುಗಿದ ಮೇಲೆ ಬೌಲಿಂಗ್ ಕ್ರೀಸ್ ಹತ್ತಿರ ಹೋಗಿ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ವೇಗದ ಬೌಲರ್‌ಗಳ ಮುಂದಿನ ಕಾಲು ಬಿದ್ದ ಜಾಗದಲ್ಲಿ ಅಂಗೈ ಅಗಲದ ಗುಂಡಿ ಬಿದ್ದಿರುತ್ತದೆ. ಹಿಮ್ಮಡಿ ಊರಿದ ಕಡೆ ಆಳ, ಬೆರಳಿನ ಕಡೆ ಮಣ್ಣು ಕೆದರಿ ಮುಂದಕ್ಕೆ ತಳ್ಳಿದ ಗುರುತು. ರೋಲರ್ ಹೊಡೆದು ಕಲ್ಲಿನಷ್ಟು ಗಟ್ಟಿ ಮಾಡಿದ ನೆಲ ಅದು. ಆ ನೆಲವನ್ನು ಅಗೆದುಹಾಕಿದ ಪೆಟ್ಟು ಅದೇ ಕ್ಷಣದಲ್ಲಿ ಬೌಲರ್‌ನ ಮೈಯೊಳಗೂ ಏರಿರುತ್ತದೆ: ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ, ಅಲ್ಲಿಂದ ಬೆನ್ನಿನ ಬುಡಕ್ಕೆ.

ಅಳೆದವರ ಲೆಕ್ಕದಲ್ಲಿ ಈ ಪೆಟ್ಟು ದೇಹದ ತೂಕದ ಸುಮಾರು 5 ಪಟ್ಟು, ಕೆಲವರಲ್ಲಿ ಅದಕ್ಕೂ ಬಹಳ ಮೇಲೆ. ಅಂದರೆ 70 ಕೆ.ಜಿ. ತೂಗುವ ಹುಡುಗನ ಒಂದೇ ಕಾಲಿನ ಮೇಲೆ 350 ಕೆ.ಜಿ.ಯಷ್ಟು ಭಾರ, ಕಣ್ಣು ಮಿಟುಕಿಸುವಷ್ಟು ಹೊತ್ತು. 10 ಓವರ್ ಎಸೆದರೆ 60 ಸಲ. ನೋ ಬಾಲ್, ವೈಡ್ ಹಾಕುವ ಚಾಳಿ ಇದ್ದರೆ ಇನ್ನಷ್ಟು.

ಚೆಂಡಿನ ವೇಗ ಹುಟ್ಟುವುದೂ ಇಲ್ಲೇ. ಸೈಕಲ್‌ನ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನಲ್ಲ, ಅದೇ ಕತೆ. ಓಡಿಬಂದ ದೇಹದ ಕೆಳಭಾಗವನ್ನು ಮುಂದಿನ ಕಾಲು ಥಟ್ಟನೆ ತಡೆಯುತ್ತದೆ. ಮೇಲ್ಭಾಗ ಆ ಕಾಲಿನ ಮೇಲಿಂದ ಮುಂದಕ್ಕೆ ಚಿಮ್ಮುತ್ತದೆ. ಕೊನೆಗೆ ತೋಳು, ಮಣಿಕಟ್ಟು, ಬೆರಳು. ಬ್ರೇಕ್ ಸಡಿಲವಾಗಿದ್ದರೆ, ಎಂದರೆ ಮಂಡಿ ಕುಸಿದರೆ, ಓಟದಲ್ಲಿ ಗಳಿಸಿದ್ದೆಲ್ಲ ಆ ಕುಸಿತದಲ್ಲೇ ಕಳೆದುಹೋಗುತ್ತದೆ. ಜಸ್‌ಪ್ರೀತ್ ಬುಮ್ರಾ ಓಟ ಎಷ್ಟು ಚಿಕ್ಕದು ನೋಡಿ. ಆದರೂ ಚೆಂಡಿನ ವೇಗ ಗಂಟೆಗೆ 140 ಕಿ.ಮೀ. ದಾಟುತ್ತದೆ. ಅವರ ಮುಂದಿನ ಕಾಲು ಕಂಬದ ಹಾಗೆ ನಿಲ್ಲುತ್ತದೆ. ಅದೇ ಬುಮ್ರಾಗೆ 2023ರಲ್ಲಿ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು ಎಂಬುದನ್ನೂ ನೆನಪಿಡಿ. ಬೌಲರ್ ಬೌಲಿಂಗ್‌ಗೆ ತೆರುವ ಬೆಲೆ ಮೈಯಲ್ಲೇ ಕಡಿತವಾಗುತ್ತದೆ. ಬಲದ ತರಬೇತಿ ಎಂದರೆ ಆ ಬೆಲೆ ತೆರಲು ಮೊದಲೇ ಕೂಡಿಟ್ಟುಕೊಳ್ಳುವುದು.

ನನಗೆ ಇದು ತಡವಾಗಿ ತಿಳಿಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಭುಜ ದಪ್ಪವಾದರೆ ಚೆಂಡು ಜೋರಾಗಿ ಹೋಗುತ್ತದೆ ಎಂದು ನಂಬಿ, ಒಂದಿಡೀ ಬಿಡುವಿನ ಕಾಲ ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಮೇಲಕ್ಕೆ ತಳ್ಳುವುದು) ಮತ್ತು ಬೈಸೆಪ್ಸ್ ಬಿಟ್ಟು ಬೇರೇನೂ ಮಾಡಲಿಲ್ಲ. ಆರು ಕೆ.ಜಿ. ಏರಿತು. ಅಂಗಿ ತೋಳಲ್ಲಿ ಬಿಗಿಯಾಯಿತು. ಸೀಸನ್‌ನ ಮೊದಲ ಪಂದ್ಯದ ಎರಡನೇ ಓವರ್‌ನಲ್ಲಿ ನಮ್ಮ ವಿಕೆಟ್ ಕೀಪರ್ ಸದ್ದಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು ನಿಂತ. ಅವನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ: ಚೆಂಡಿನ ವೇಗ ತಗ್ಗಿತ್ತು.

ಕೆಳಗಿರುವುದು ಆಮೇಲೆ ಕಲಿತದ್ದು, ಕಲಿಸಿದ್ದು. ಬಲಗೈ ಬೌಲರ್ ಎಂದುಕೊಂಡು ಬರೆದಿದ್ದೇನೆ. ಎಡಗೈಯವರು ಎಡಬಲ ಅದಲುಬದಲು ಮಾಡಿ ಓದಿಕೊಳ್ಳಿ.

ತೂಕ ಮುಟ್ಟುವ ಮೊದಲು ನಾಲ್ಕು ಪರೀಕ್ಷೆ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲಿ ಬರೆದುಕೊಂಡರೂ ಆದೀತು, ಆದರೆ ನೋಟ್‌ಬುಕ್ ಜಿಮ್‌ನಲ್ಲಿ ರೀಲ್ಸ್ ತೋರಿಸುವುದಿಲ್ಲ.

ಮೊದಲನೆಯದು ಹಿಮ್ಮಡಿ ಎತ್ತುವುದು. ಬರಿಗಾಲಲ್ಲಿ ಗೋಡೆಗೆ ಎರಡು ಬೆರಳು ತಾಗಿಸಿ ಒಂಟಿ ಕಾಲಲ್ಲಿ ನಿಲ್ಲಿ. ಮಂಡಿ ನೇರ. ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಎರಡು ಸೆಕೆಂಡಿಗೊಂದರಂತೆ. ಎತ್ತರ ಕಡಿಮೆಯಾಗತೊಡಗಿದ ಕೂಡಲೇ ಎಣಿಕೆ ನಿಲ್ಲಿಸಿ. ಪ್ರತಿ ಕಾಲಿಗೆ 25 ಬಂದರೆ ಸರಿ. ಗಟ್ಟಿ ಹುಡುಗರೆಂದು ಹೆಸರಾದವರೂ 14ಕ್ಕೆ ಕೈಚೆಲ್ಲಿದ್ದನ್ನು ನೋಡಿದ್ದೇನೆ.

ಎರಡನೆಯದು ಪಕ್ಕದ ಪ್ಲ್ಯಾಂಕ್. ಪಕ್ಕಕ್ಕೆ ಮಲಗಿ, ಮೊಣಕೈ ಊರಿ ಮೈ ಎತ್ತಿ ಹಿಡಿಯಿರಿ, ಕಿವಿಯಿಂದ ಪಾದದವರೆಗೆ ಒಂದೇ ಗೆರೆ. ಪ್ರತಿ ಪಕ್ಕಕ್ಕೆ 60 ಸೆಕೆಂಡ್ ಗುರಿ. ಬೌಲರ್‌ಗಳಲ್ಲಿ ಎರಡು ಪಕ್ಕ ಒಂದೇ ಸಮ ಇರುವುದು ಅಪರೂಪ. ಹತ್ತು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬರೆದಿಡಿ.

ಮೂರನೆಯದಕ್ಕೆ ಮಂಡಿ ಎತ್ತರದ ಕುರ್ಚಿ ಬೇಕು. ಒಂಟಿ ಕಾಲಲ್ಲಿ ನಿಧಾನವಾಗಿ ಕೂತು, ಅದೇ ಕಾಲಲ್ಲಿ ಎದ್ದೇಳಿ. ಫೋನನ್ನು ಎದುರಿಗಿಟ್ಟು ವಿಡಿಯೊ ಮಾಡಿ. ಎಷ್ಟು ಸಲ ಎದ್ದಿರಿ ಎನ್ನುವುದಕ್ಕಿಂತ, ಏಳುವಾಗ ಮಂಡಿ ಒಳಗೆ ವಾಲಿತೇ ಎಂಬುದನ್ನು ನೋಡಿ. ಜಿಮ್‌ನಲ್ಲಿ ವಾಲುವ ಮಂಡಿ ಕ್ರೀಸ್‌ನಲ್ಲೂ ವಾಲುತ್ತದೆ.

ಕೊನೆಯದು ಸೊಂಟದಿಂದ ಬಾಗುವುದು. ಬೆನ್ನಿಗೆ ಒಂದು ಕೋಲು ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಹೆಗಲ ಮೂಳೆಗಳ ನಡುವೆ, ಬೆನ್ನಿನ ತುದಿ, ಈ ಮೂರೂ ಕಡೆ ಅದು ತಾಗಿರಬೇಕು. ಹಾಗೆಯೇ ಕುಂಡಿಯನ್ನು ಹಿಂದಕ್ಕೆ ತಳ್ಳಿ ಬಾಗಿ. ಕೋಲು ಎಲ್ಲಾದರೂ ಬಿಟ್ಟುಕೊಂಡರೆ ನಿಮಗೆ ಸೊಂಟದಿಂದ ಬಾಗಲು ಬರುವುದಿಲ್ಲ, ಬೆನ್ನಿನಿಂದ ಬಾಗುತ್ತಿದ್ದೀರಿ ಎಂದರ್ಥ. ಇದು ಸರಿಯಾಗುವವರೆಗೆ ಡೆಡ್‌ಲಿಫ್ಟ್ (ಬಾಗಿ ಭಾರ ಎತ್ತುವ ವ್ಯಾಯಾಮ) ಕಡೆ ತಲೆ ಹಾಕಬೇಡಿ.

ನೋವು ಇದ್ದರೆ ಪರೀಕ್ಷೆಯೇ ಬೇಡ, ಮೊದಲು ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ.

ಕಾಲು

ಮೈ ಬಿಸಿ ಮಾಡಿಕೊಳ್ಳುವುದರ ಬಗ್ಗೆ ಉದ್ದ ಬರೆಯುವುದಿಲ್ಲ. ಹತ್ತು ನಿಮಿಷ: ಬೆವರು ಬರುವಷ್ಟು ಹಗ್ಗದಾಟ ಅಥವಾ ಓಟ, ಸೊಂಟ ಮತ್ತು ಹೆಗಲ ಕೀಲು ತಿರುಗಿಸುವುದು, ಖಾಲಿ ಬಾರ್‌ನಲ್ಲಿ ಒಂದೆರಡು ಸೆಟ್. ಸಾಕು.

ಮೊದಲ ವ್ಯಾಯಾಮ ಬಸ್ಕಿ. ಹೊಸಬರು ಡಂಬೆಲ್ ಒಂದನ್ನು ಎದೆಗೆ ಅವುಚಿಕೊಂಡು ಶುರು ಮಾಡಲಿ. ತೂಕ ಮುಂದಿರುವುದರಿಂದ ಬೆನ್ನು ತಾನಾಗಿ ನೆಟ್ಟಗಿರುತ್ತದೆ. ತೊಡೆ ನೆಲಕ್ಕೆ ಸಮವಾಗುವಷ್ಟು ಕೆಳಗೆ ಹೋಗಿ. 8 ಸಲದ 3 ಸೆಟ್, ಎಂದರೆ 8 ಸಲ ಮಾಡಿ ಬಿಡುವು, ಹೀಗೆ ಮೂರು ಬಾರಿ. ದೇಹತೂಕದ ಮೂರನೇ ಒಂದು ಭಾಗ ಹಿಡಿದು ಇದನ್ನು ಸಲೀಸಾಗಿ ಮಾಡಿದ ಮೇಲೆ ಬಾರ್ಬೆಲ್‌ಗೆ (ಎರಡೂ ತುದಿಗೆ ತೂಕ ಹಾಕುವ ಉದ್ದ ಸರಳು) ಹೋಗಿ, 5 ಸಲದ 4 ಸೆಟ್ ಮಾಡಿ. ಹೆಗಲ ಮೇಲೆ ದೇಹತೂಕದಷ್ಟೇ ಭಾರ ಹೊತ್ತು 5 ಸಲ ಚೊಕ್ಕವಾಗಿ ಎದ್ದರೆ ಬೌಲರ್‌ಗೆ ಅದು ಒಳ್ಳೆಯ ಬುನಾದಿ. ದೇಹತೂಕದ ಒಂದೂವರೆ ಪಟ್ಟು ಎತ್ತಿದರೆ ಸಂತೋಷ. ಅದರಾಚೆಗೆ ಓಡುವುದರಲ್ಲಿ ಬೌಲರ್‌ಗೆ ಲಾಭ ಕಡಿಮೆ. ಪವರ್‌ಲಿಫ್ಟಿಂಗ್ ಬೇರೆಯೇ ಆಟ.

ಎರಡನೆಯದು, ಒಂದೇ ವ್ಯಾಯಾಮ ಆರಿಸು ಎಂದರೆ ನಾನು ಆರಿಸುವುದು: ಹಿಂದಿನ ಕಾಲನ್ನು ಬೆಂಚ್ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್. ಬೌಲಿಂಗ್ ಒಂಟಿ ಕಾಲಿನ ಕೆಲಸ. ಎರಡು ಕಾಲಿನ ಬಸ್ಕಿಯಲ್ಲಿ ಬಲವಾದ ಕಾಲು ಸದ್ದಿಲ್ಲದೆ ಸೋತ ಕಾಲಿನ ಕೆಲಸವನ್ನೂ ಮಾಡಿಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಆ ಕಳ್ಳಾಟ ನಡೆಯದು. ಬೆಂಚಿನಿಂದ ಎರಡು ಹೆಜ್ಜೆ ಮುಂದೆ ನಿಂತು, ಹಿಂದಿನ ಪಾದದ ಮೇಲ್ಭಾಗವನ್ನು ಬೆಂಚ್ ಮೇಲಿಡಿ. ಎರಡೂ ಕೈಯಲ್ಲಿ ಡಂಬೆಲ್. ಮೂರು ಎಣಿಸುತ್ತ ಇಳಿಯಿರಿ, ಹಿಂದಿನ ಮಂಡಿ ನೆಲಕ್ಕೆ ನಾಲ್ಕು ಬೆರಳು ದೂರ ಬಂದಾಗ ಒಂದು ಕ್ಷಣ ನಿಲ್ಲಿ, ಮುಂದಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಏಳಿ. ಪ್ರತಿ ಕಾಲಿಗೆ 6 ಸಲ, 3 ಸೆಟ್. ಸೋತ ಕಾಲಿನಿಂದ ಶುರು ಮಾಡಿ. ಅದು ಎಷ್ಟು ಮಾಡುತ್ತದೋ ಬಲವಾದ ಕಾಲೂ ಅಷ್ಟೇ ಮಾಡಲಿ. ಮೊದಲ ಎರಡು ವಾರ ಮೆಟ್ಟಿಲಿಳಿಯುವಾಗ ನನ್ನನ್ನು ಬೈದುಕೊಳ್ಳುತ್ತೀರಿ, ಪರವಾಗಿಲ್ಲ.

ಮೂರನೆಯದು ತೊಡೆಯ ಹಿಂಭಾಗ. ರೊಮೇನಿಯನ್ ಡೆಡ್‌ಲಿಫ್ಟ್ ಎಂದರೆ ಕೋಲಿನ ಪರೀಕ್ಷೆಯಲ್ಲಿ ಕಲಿತ ಅದೇ ಬಾಗುವಿಕೆಯನ್ನು ಭಾರ ಹಿಡಿದು ಮಾಡುವುದು. ಬಾರ್ ತೊಡೆಗೆ ಸವರುತ್ತಲೇ ಇಳಿಯಬೇಕು, ಮಂಡಿಯ ಕೆಳಗೆ ಸ್ವಲ್ಪ ದೂರ ಸಾಕು. 6ರಿಂದ 8 ಸಲದ 3 ಸೆಟ್. ಇದರ ಜೊತೆ ವಾರಕ್ಕೊಮ್ಮೆ ನಾರ್ಡಿಕ್: ಮಂಡಿಯೂರಿ ಕೂತು, ಗೆಳೆಯನೊಬ್ಬ ಹಿಮ್ಮಡಿ ಒತ್ತಿ ಹಿಡಿದಿರಲಿ, ಮಂಡಿಯಿಂದ ತಲೆವರೆಗೆ ನೆಟ್ಟಗಿದ್ದು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ಕೊನೆಗೆ ಕೈಯೂರಿ. 4 ಸಲದ 2 ಸೆಟ್‌ನಿಂದ ಶುರು. ಮೊದಲ ಸಲ ಮಾಡಿದ ಮಾರನೆಯ ದಿನ ಪಂದ್ಯ ಇಟ್ಟುಕೊಳ್ಳಬೇಡಿ.

ಮೀನಖಂಡವನ್ನು ಎಲ್ಲರೂ ಮರೆಯುತ್ತಾರೆ. ಮಂಡಿ ನೇರವಿಟ್ಟು ಒಂದು ಬಗೆ, ಕೂತು ಮಂಡಿ ಬಗ್ಗಿಸಿ ತೊಡೆಯ ಮೇಲೆ ಭಾರವಿಟ್ಟು ಇನ್ನೊಂದು ಬಗೆ. ಎರಡೂ ಬೇಕು, ಏಕೆಂದರೆ ಒಳಗಿರುವ ಸ್ನಾಯು ಮಂಡಿ ಬಗ್ಗಿದಾಗಲೇ ಹೆಚ್ಚು ದುಡಿಯುತ್ತದೆ. 12 ಸಲದ 3 ಸೆಟ್.

ಇಷ್ಟು ಆರು ವಾರ ಆದ ಮೇಲೆ ನೆಲಕ್ಕಿಳಿಯುವುದನ್ನು ಕಲಿಯುವ ಹೊತ್ತು. ಜಿಗಿಯುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಇಳಿಯುವುದನ್ನು ಯಾರೂ ಮಾಡುವುದಿಲ್ಲ. ಬೌಲರ್‌ಗೆ ಬೇಕಾದದ್ದು ಎರಡನೆಯದೇ. 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಹೆಜ್ಜೆಯಿಟ್ಟು ಎರಡೂ ಕಾಲಲ್ಲಿ ಇಳಿದು ಮೂರು ಸೆಕೆಂಡ್ ಅಲುಗಾಡದೆ ನಿಲ್ಲಿ. ಎರಡು ವಾರದ ನಂತರ ಒಂಟಿ ಕಾಲಲ್ಲಿ. ಆಮೇಲೆ ಪೆಟ್ಟಿಗೆ ಬಿಟ್ಟು ನೆಲದ ಮೇಲೇ ಬಲಗಾಲಿನಿಂದ ಮುಂದಕ್ಕೆ ನೆಗೆದು ಎಡಗಾಲಲ್ಲಿ ಇಳಿದು ನಿಲ್ಲುವುದು. ಪ್ರತಿ ಕಾಲಿಗೆ 5 ಸಲ, 3 ಸೆಟ್, ಸೆಟ್ ನಡುವೆ ಒಂದೂವರೆ ನಿಮಿಷ ಬಿಡುವು. ಕಿವಿಯನ್ನೂ ಬಳಸಿ. ಪಾದ 'ಧಪ್' ಎಂದರೆ ಮೂಳೆ ಏಟು ತಿನ್ನುತ್ತಿದೆ, ಸದ್ದು ಚಿಕ್ಕದಾದಷ್ಟೂ ಸ್ನಾಯು ಕೆಲಸ ಮಾಡುತ್ತಿದೆ.

ಇದಕ್ಕೊಂದು ಜೊತೆಗಾರ ವ್ಯಾಯಾಮವಿದೆ, ನೋಡಲು ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ರ‍್ಯಾಕ್‌ನಲ್ಲಿ (ಬಾರ್ ಇಡುವ ಕಬ್ಬಿಣದ ಚೌಕಟ್ಟು) ಬಾರ್ ಮೇಲೇಳದಂತೆ ಪಿನ್‌ಗಳ ಕೆಳಗೆ ಸಿಕ್ಕಿಸಿ. ಬೌಲಿಂಗ್‌ನಲ್ಲಿ ಇಳಿಯುವ ಭಂಗಿಯಲ್ಲೇ ಎಡಗಾಲು ಮುಂದಿಟ್ಟು, ಮಂಡಿ ತುಸುವೇ ಬಗ್ಗಿಸಿ, ಹೆಗಲಿನಿಂದ ಬಾರನ್ನು ಮೇಲಕ್ಕೆ ಒತ್ತಿ. ಐದು ಸೆಕೆಂಡ್ ಪೂರ್ತಿ ಬಲ ಹಾಕಿ, ಬಿಡಿ. ಹೀಗೆ 5 ಸಲ. ಬಾರ್ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆದರೆ ಮಂಡಿ ಕುಸಿಯದಂತೆ ಹಿಡಿಯುವುದು ಹೇಗೆಂದು ಕಾಲು ಕಲಿಯುವುದು ಇಲ್ಲೇ.

ಒಂದು ಎಚ್ಚರಿಕೆ. ಮುಂದಿನ ಮಂಡಿ ನೇರವಾಗಿದ್ದರೆ ವೇಗ ಹೆಚ್ಚು ಎಂಬುದು ನಿಜ. ಹಾಗೆಂದು ನೆಟ್ಸ್‌ಗೆ ಹೋಗಿ ನಾಳೆಯಿಂದಲೇ ಮಂಡಿಯನ್ನು ಕೋಲಿನಂತೆ ಚಾಚಿ ಇಳಿಯಬೇಡಿ. ಮಂಡಿ ಬಗ್ಗಿಸಿಯೇ ಎಸೆದು ದೊಡ್ಡ ಬೌಲರ್ ಆದವರೂ ಇದ್ದಾರೆ. ಬಲ ಬಂದಂತೆ ಕಾಲು ತಾನಾಗಿ ಗಟ್ಟಿಯಾಗಿ ನಿಲ್ಲತೊಡಗುತ್ತದೆ. ಅದರಾಚೆ ಆಕ್ಷನ್ (ಚೆಂಡೆಸೆಯುವ ಶೈಲಿ) ಬದಲಿಸುವುದಿದ್ದರೆ ಅದು ಕೋಚ್ ಎದುರಿಗಿದ್ದು ಮಾಡುವ ಕೆಲಸ.

ನಡು

ಚೆಂಡು ಬಿಡುವ ಕ್ಷಣದಲ್ಲಿ ಬಲಗೈ ಬೌಲರ್‌ನ ಬೆನ್ನು ಏಕಕಾಲಕ್ಕೆ ಮೂರು ಕೆಲಸ ಮಾಡುತ್ತದೆ: ಎಡಕ್ಕೆ ಬಾಗುತ್ತದೆ, ತಿರುಗುತ್ತದೆ, ಹಿಂದಕ್ಕೆ ಕಮಾನಾಗಿದ್ದದ್ದು ಮುಂದಕ್ಕೆ ಮಡಚುತ್ತದೆ. ನೆಲದ ಪೆಟ್ಟು ಏರುವುದೂ ಆಗಲೇ. ಹಾಗಾಗಿ ಒತ್ತಡದ ಬಿರುಕು ಬೀಳುವುದು ಬಹುಪಾಲು ಸೊಂಟದ ಕೊನೆಯ ಎರಡು ಮೂರು ಮೂಳೆಗಳಲ್ಲಿ, ಅದೂ ಚೆಂಡೆಸೆಯುವ ಕೈಗೆ ಎದುರು ಪಕ್ಕದಲ್ಲಿ. ಪಕ್ಕೆಯ ಸ್ನಾಯು ಹರಿಯುವುದೂ ಅದೇ ಎದುರು ಪಕ್ಕದಲ್ಲಿ.

ಆದ್ದರಿಂದ ದಿನಕ್ಕೆ ನೂರು ಸಿಟ್‌ಅಪ್ ಹೊಡೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೈದಾನದಲ್ಲಿ ಬೆನ್ನು ಬಾಗುವುದು ಬೇಕಾದಷ್ಟು ಆಗಿದೆ. ಜಿಮ್‌ನಲ್ಲಿ ಅದಕ್ಕೆ ಕಲಿಸಬೇಕಾದದ್ದು ಬಾಗದೆ, ತಿರುಗದೆ ತಡೆಯುವುದನ್ನು.

ಪಕ್ಕದ ಪ್ಲ್ಯಾಂಕ್, ಮೇಲಿನ ಕಾಲು ಎತ್ತಿ, 30 ಸೆಕೆಂಡಿನ 3 ಸೆಟ್. ಒಂದೇ ಕೈಯಲ್ಲಿ ಭಾರವಾದ ಡಂಬೆಲ್ ಹಿಡಿದು, ಮೈ ಆ ಕಡೆ ವಾಲದಂತೆ 30 ಮೀಟರ್ ನಡಿಗೆ. ತುಂಬಿದ ಕೊಡ ಒಂದೇ ಕೈಯಲ್ಲಿ ಹೊತ್ತು ನಡೆದವರಿಗೆ ಇದು ಹೊಸದೇನಲ್ಲ, ಇಲ್ಲಿ ನೆಟ್ಟಗೆ ನಡೆಯಬೇಕು ಅಷ್ಟೇ. ಆಮೇಲೆ ರಬ್ಬರ್ ಬ್ಯಾಂಡ್ ಒಂದನ್ನು ಎದೆ ಎತ್ತರಕ್ಕೆ ಕಂಬಕ್ಕೆ ಕಟ್ಟಿ, ಅದಕ್ಕೆ ಪಕ್ಕವಾಗಿ ನಿಂತು, ಎರಡೂ ಕೈಯಲ್ಲಿ ಹಿಡಿದು ಎದೆಯಿಂದ ಮುಂದಕ್ಕೆ ಚಾಚಿ. ಬ್ಯಾಂಡ್ ನಿಮ್ಮನ್ನು ತಿರುಗಿಸಲು ನೋಡುತ್ತದೆ, ನೀವು ತಿರುಗಬಾರದು. 10 ಸಲ, ಎರಡೂ ಪಕ್ಕ. ಈ ಮೂರನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಬಹುದು.

ತೊಡೆಯ ಒಳಭಾಗವನ್ನೂ ಇದೇ ಹೊತ್ತಿಗೆ ಸೇರಿಸಿಕೊಳ್ಳಿ. ಪಕ್ಕದ ಪ್ಲ್ಯಾಂಕ್‌ನಲ್ಲೇ ಮೇಲಿನ ಕಾಲನ್ನು ಬೆಂಚ್ ಮೇಲಿಟ್ಟು ಮೈ ಎತ್ತಿ ಹಿಡಿಯುವುದು. ಮೊದಲು ಮಂಡಿ ಊರಿ, ಗಟ್ಟಿಯಾದ ಮೇಲೆ ಪಾದ ಊರಿ. ತೊಡೆಸಂದಿನ ನೋವಿನಿಂದ ಅರ್ಧ ಸೀಸನ್ ಕಳೆದುಕೊಂಡವರಿಗೆ ಇದರ ಬೆಲೆ ಗೊತ್ತು.

ಭುಜ ಮತ್ತು ಮೇಲುಬೆನ್ನು

ಇಲ್ಲಿ ಒಂದೇ ಸೂತ್ರ: ತಳ್ಳುವುದು ಒಂದಾದರೆ ಎಳೆಯುವುದು ಎರಡು. ತೋಳನ್ನು ಮೇಲಿನಿಂದ ಕೆಳಕ್ಕೆ ಎಳೆದು ತರುವುದು ಬೆನ್ನಿನ ಅಗಲ ಸ್ನಾಯು, ಚೆಂಡು ಬಿಟ್ಟ ಮೇಲೆ ಆ ತೋಳನ್ನು ತಡೆದು ನಿಲ್ಲಿಸುವುದು ಹೆಗಲ ಹಿಂಭಾಗದ ಚಿಕ್ಕ ಚಿಕ್ಕ ಸ್ನಾಯುಗಳು. ಕನ್ನಡಿಯಲ್ಲಿ ಇವೆರಡೂ ಕಾಣುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ.

ಪುಲ್‌ಅಪ್ (ಸರಳಿಗೆ ಜೋತು ಮೈಯನ್ನು ಮೇಲಕ್ಕೆ ಎಳೆಯುವುದು) 5 ಸಲದ 3 ಸೆಟ್. ಬಾರದವರು ಸ್ಟೂಲಿನಿಂದ ಮೇಲೆ ಹತ್ತಿ ಐದು ಎಣಿಸುತ್ತ ಕೆಳಗಿಳಿಯುವುದರಿಂದ ಶುರು ಮಾಡಲಿ, ಒಂದೂವರೆ ತಿಂಗಳಲ್ಲಿ ಮೊದಲನೆಯದು ಬಂದೇ ಬರುತ್ತದೆ. ಬೆಂಚ್‌ಗೆ ಒಂದು ಕೈಯೂರಿ ಡಂಬೆಲ್ ಎಳೆಯುವುದು 8 ಸಲದ 3 ಸೆಟ್. ತಳ್ಳುವುದಕ್ಕೆ ದಂಡ ಸಾಕು, ಪಾದ ಬೆಂಚಿನ ಮೇಲಿಟ್ಟರೆ ಇನ್ನೂ ಒಳ್ಳೆಯದು. ಬೆಂಚ್ ಪ್ರೆಸ್ ಮಾಡಲೇಬಾರದೆಂದು ಹೇಳುತ್ತಿಲ್ಲ. ನನ್ನ ಹಾಗೆ ಅದೊಂದನ್ನೇ ಮಾಡಬೇಡಿ.

ಚಿಕ್ಕ ಸ್ನಾಯುಗಳಿಗೆ ಬ್ಯಾಂಡ್: ಮೊಣಕೈಯನ್ನು ಪಕ್ಕೆಗೆ ತಾಗಿಸಿ, ನಡುವೆ ಮಡಚಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ತಿರುಗಿಸುವುದು. 15 ಸಲದ 2 ಸೆಟ್. ಟವೆಲ್ ಬಿದ್ದರೆ ಮೊಣಕೈ ಮೋಸ ಮಾಡಿತು ಎಂದು ಗೊತ್ತಾಗುತ್ತದೆ. ಇದನ್ನು ಎಸೆತಕ್ಕೆ ಮೊದಲು ಹಗುರವಾಗಿ ಮಾಡಬಹುದು, ಸುಸ್ತಾಗುವಷ್ಟು ಮಾಡುವುದು ಮಾತ್ರ ಬೌಲಿಂಗ್ ಮುಗಿದ ಮೇಲೆ.

ಬಲವನ್ನು ವೇಗ ಮಾಡುವುದು

ನಿಧಾನವಾಗಿ 100 ಕೆ.ಜಿ. ಎತ್ತುವವನು ವೇಗವಾಗಿ 160 ಗ್ರಾಂ ಎಸೆಯುತ್ತಾನೆ ಎಂಬ ಖಾತ್ರಿ ಇಲ್ಲ. ಮುಂದಿನ ಕಾಲು ಊರಿದ ಮೇಲೆ ಚೆಂಡು ಕೈಬಿಡುವವರೆಗೆ ಸಿಗುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ. ಇರುವ ಬಲವನ್ನು ಅಷ್ಟರೊಳಗೆ ಖರ್ಚು ಮಾಡಲು ಬರಬೇಕು. ಇದಕ್ಕಾಗಿ ಬಲದ ಅಭ್ಯಾಸ ಎಂಟು ವಾರ ಆದ ಮೇಲೆ, ವಾರಕ್ಕೆ ಎರಡು ಸಲ, ಮೈ ತಾಜಾ ಇದ್ದಾಗ ಭಾರ ಎತ್ತುವುದಕ್ಕಿಂತ ಮೊದಲು ಹದಿನೈದು ನಿಮಿಷ ಇದನ್ನು ಮಾಡಿ.

ಪಾದದ ಮುಂಭಾಗದಲ್ಲೇ ಸ್ಪ್ರಿಂಗ್‌ನಂತೆ ಪುಟಿಯುವುದು, 15 ಸಲದ 2 ಸೆಟ್, ಹಿಮ್ಮಡಿ ನೆಲ ಮುಟ್ಟಬಾರದು. ಒಂಟಿ ಕಾಲಲ್ಲಿ ಮುಂದಕ್ಕೆ ಮೂರು ನೆಗೆತ, ಕೊನೆಯದರಲ್ಲಿ ಕಂಬದಂತೆ ನಿಲ್ಲುವುದು. 3 ಕೆ.ಜಿ. ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಎರಡೂ ಕೈಯಲ್ಲಿ ತಲೆಯ ಮೇಲಿಂದ ನೆಲಕ್ಕೆ ಅಪ್ಪಳಿಸುವುದು, ಮತ್ತೆ ಪಕ್ಕದಿಂದ ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದು, ಪ್ರತಿಯೊಂದೂ 5 ಸಲದ 3 ಸೆಟ್. ಕೊನೆಗೆ 20 ಮೀಟರ್ ಓಟ ನಾಲ್ಕು ಸಲ, ಪೂರ್ತಿ ವೇಗ, ಪೂರ್ತಿ ಬಿಡುವು. ಪ್ರತಿ ಸಲವೂ ಅದೇ ನಿಮ್ಮ ಜೀವನದ ಕೊನೆಯ ಎಸೆತವೆಂಬಂತೆ. ವೇಗ ತಗ್ಗಿತೆಂದರೆ ಅಲ್ಲಿಗೆ ನಿಲ್ಲಿಸಿ, ಸುಸ್ತಾದ ಮೈಯಲ್ಲಿ ಮಾಡಿದರೆ ಇದು ಬರೀ ಬೆವರಿಳಿಸುವ ಕೆಲಸ.

ಭಾರದ ಕ್ರಿಕೆಟ್ ಚೆಂಡು ಎಸೆದು ವೇಗ ಹೆಚ್ಚಿಸಿಕೊಳ್ಳಿ ಎನ್ನುವವರಿದ್ದಾರೆ. ಲೈನ್ ಲೆಂಗ್ತ್ ಕೆಡುತ್ತದೆ, ಭುಜಕ್ಕೂ ಹೊರೆ. ನನ್ನ ಹುಡುಗರಿಗೆ ನಾನು ಕೊಡುವುದಿಲ್ಲ.

ವಾರದಲ್ಲಿ ಎಲ್ಲಿ ಕೂರಿಸುವುದು

ಸೀಸನ್ ಇಲ್ಲದಾಗ ವಾರಕ್ಕೆ ಮೂರು ದಿನ ಜಿಮ್, ನಡುವೆ ಒಂದೊಂದು ದಿನ ಬಿಡುವು. ಮೊದಲ ನಾಲ್ಕು ವಾರ ಹಗುರ ಭಾರದಲ್ಲಿ ರೀತಿ ಕಲಿಯಲು, ಮುಂದಿನ ಆರು ವಾರ ಭಾರ ಏರಿಸಲು, ಆಮೇಲೆ ನಾಲ್ಕು ವಾರ ಭಾರ ಹಾಗೇ ಇಟ್ಟು ಸೆಟ್ ಕಡಿಮೆ ಮಾಡಿ ವೇಗದ ಕೆಲಸ ಹೆಚ್ಚಿಸಲು. ಭಾರ ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಸೆಟ್ ಮುಗಿದಾಗ ಇನ್ನೂ ಎರಡು ಸಲ ಮಾಡಬಹುದಿತ್ತು ಅನ್ನಿಸಬೇಕು, ಅದೇ ಅಳತೆ. ನಾಲ್ಕು ಮಾಡಬಹುದಿತ್ತು ಅನ್ನಿಸಿದರೆ ಮುಂದಿನ ವಾರ ಎರಡೂವರೆ ಕೆ.ಜಿ. ಏರಿಸಿ. ಬೆನ್ನು ಬಾಗಿಸಿ ಹೇಗೋ ಮುಗಿಸಿದಿರಾದರೆ ಇಳಿಸಿ, ಯಾರೂ ನೋಡುತ್ತಿಲ್ಲ.

ಸೀಸನ್ ಶುರುವಾದ ಮೇಲೆ ಹೆಚ್ಚಿನವರು ಜಿಮ್ ಬಿಟ್ಟುಬಿಡುತ್ತಾರೆ. ನಾಲ್ಕು ತಿಂಗಳು ಕಷ್ಟಪಟ್ಟು ಗಳಿಸಿದ್ದು ಸೀಸನ್ ನಡುವೆ ಹೊರಟುಹೋಗುತ್ತದೆ, ಸರಿಯಾಗಿ ಬೇಕಾದಾಗಲೇ. ವಾರಕ್ಕೆ ಎರಡು ದಿನ, 35 ನಿಮಿಷ ಸಾಕು: ಸ್ಪ್ಲಿಟ್ ಸ್ಕ್ವಾಟ್, ಡೆಡ್‌ಲಿಫ್ಟ್, ಪುಲ್‌ಅಪ್, ಪಕ್ಕದ ಪ್ಲ್ಯಾಂಕ್, ಮೀನಖಂಡ. ಭಾರ ಕಡಿಮೆ ಮಾಡಬೇಡಿ, ಸೆಟ್ ಎರಡಕ್ಕೆ ಇಳಿಸಿ. ಪಂದ್ಯ ಶನಿವಾರವಿದ್ದರೆ ಕಾಲಿನ ಭಾರದ ಕೆಲಸ ಬುಧವಾರದೊಳಗೆ ಮುಗಿದಿರಲಿ.

ಚೆಂಡು ಎಣಿಸಿ

ಮೇಲೆ ಹೇಳಿದ್ದೆಲ್ಲವನ್ನೂ ಚಾಚೂ ತಪ್ಪದೆ ಮಾಡಿ ಇದೊಂದನ್ನು ಬಿಟ್ಟರೆ ಬೆನ್ನು ಉಳಿಯುವುದಿಲ್ಲ. ಜಿಮ್ ನೋಟ್‌ಬುಕ್‌ನ ಅದೇ ಪುಟದಲ್ಲಿ ಆ ದಿನ ಎಷ್ಟು ಚೆಂಡು ಎಸೆದಿರಿ ಎಂದು ಬರೆಯಿರಿ. ಪಂದ್ಯದ್ದು ಮಾತ್ರವಲ್ಲ. ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್ 'ಇನ್ನೊಂದು ಎರಡು ಹಾಕೋ ಮಾರಾಯ' ಎಂದಾಗ ಹಾಕಿದ ಇಪ್ಪತ್ತನ್ನೂ.

ನನ್ನ ಹತ್ತಿರ ಬರುತ್ತಿದ್ದ ಹುಡುಗನೊಬ್ಬನ ಪುಸ್ತಕದ ನಾಲ್ಕು ವಾರ ಹೀಗಿತ್ತು: 96, 110, 102, 214. ನಾಲ್ಕನೇ ವಾರ ಕ್ಲಬ್‌ಗೂ ಕಾಲೇಜಿಗೂ ಎರಡೂ ಕಡೆ ಆಡಿದ್ದ. ಎರಡೂ ಕಡೆಯ ಕ್ಯಾಪ್ಟನ್‌ಗಳಿಗೆ ಇನ್ನೊಂದು ಕಡೆ ಎಷ್ಟು ಎಸೆದಿದ್ದಾನೆಂದು ಗೊತ್ತಿರಲಿಲ್ಲ, ಗೊತ್ತಿದ್ದದ್ದು ಅವನ ಬೆನ್ನಿಗೆ ಮಾತ್ರ. ನೋವು ಕಾಣಿಸಿಕೊಂಡಿದ್ದು ಆ ವಾರವಲ್ಲ, ಅದರ ಮುಂದಿನ ಮೂರನೇ ವಾರ. ಹೀಗೆ ತಡವಾಗಿ ಬರುವುದರಿಂದಲೇ ಯಾರೂ ಕಾರಣವನ್ನು ಹಿಂದಿನ ಪುಟದಲ್ಲಿ ಹುಡುಕುವುದಿಲ್ಲ.

ಒಂದು ಸ್ಥೂಲ ಲೆಕ್ಕ ಇಟ್ಟುಕೊಳ್ಳಿ. ಈ ವಾರದ ಎಸೆತಗಳು ಹಿಂದಿನ ನಾಲ್ಕು ವಾರದ ಸರಾಸರಿಯ ಒಂದೂವರೆ ಪಟ್ಟು ದಾಟದಿರಲಿ. ಪೂರ್ತಿ ನಿಲ್ಲಿಸುವುದೂ ಅಪಾಯವೇ: ಎರಡು ತಿಂಗಳು ಚೆಂಡು ಮುಟ್ಟದೆ, ಜಿಮ್‌ನಲ್ಲಿ ಮಾತ್ರ ಗಟ್ಟಿಯಾಗಿ ಬಂದವನ ಸ್ನಾಯು ತಯಾರಿರುತ್ತದೆ, ಮೂಳೆ ತಯಾರಿರುವುದಿಲ್ಲ. ಮೂಳೆ ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಸೀಸನ್‌ಗೆ ಎಂಟು ವಾರ ಮೊದಲೇ ವಾರಕ್ಕೆ ಎರಡು ದಿನ 24 ಚೆಂಡಿನಿಂದ, ಮುಕ್ಕಾಲು ವೇಗದಲ್ಲಿ ಶುರು ಮಾಡಿ.

ಹದಿಹರೆಯದವರಿಗೆ

ಮಕ್ಕಳು ಭಾರ ಎತ್ತಿದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದು ಹಳೆಯ ಹೆದರಿಕೆ, ಅದಕ್ಕೆ ಆಧಾರವಿಲ್ಲ. ಸರಿಯಾಗಿ ಕಲಿಸುವವರಿದ್ದರೆ ಹನ್ನೆರಡು ಹದಿಮೂರರಲ್ಲೇ ದಂಡ, ಬಸ್ಕಿ, ಪ್ಲ್ಯಾಂಕ್, ಹಗುರ ಡಂಬೆಲ್ ಶುರು ಮಾಡಬಹುದು. ಹೆದರಬೇಕಾದದ್ದು ಓವರ್‌ಗಳಿಗೆ. ಸೊಂಟದ ಮೂಳೆಗಳು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತವೆ. ಆಸ್ಟ್ರೇಲಿಯಾದ ವೇಗಿ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 18ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿ ಗೆಲ್ಲಿಸಿದರು. ಅವರ ಎರಡನೇ ಟೆಸ್ಟ್ 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷ ನುಂಗಿದ್ದರಲ್ಲಿ ಬೆನ್ನಿನ ಬಿರುಕುಗಳ ಪಾಲು ದೊಡ್ಡದು. ಆಸ್ಟ್ರೇಲಿಯಾದ ಇನ್ನೊಬ್ಬ ವೇಗಿ ಡೆನಿಸ್ ಲಿಲ್ಲಿ 1973ರಲ್ಲಿ ಬೆನ್ನುಮೂಳೆ ಬಿರುಕಿನಿಂದ ಹೊರಬಿದ್ದಾಗ ಮತ್ತೆ ಬೌಲ್ ಮಾಡುವುದು ಅನುಮಾನ ಎಂದವರೇ ಹೆಚ್ಚು. ಕಟ್ಟುನಿಟ್ಟಿನ ವ್ಯಾಯಾಮ ಮಾಡಿ, ಆಕ್ಷನ್ ತಿದ್ದಿಕೊಂಡು 1974-75ರಲ್ಲಿ ಇಂಗ್ಲೆಂಡ್ ವಿರುದ್ಧದ ಆ್ಯಶಸ್ ಸರಣಿಗೆ ಮರಳಿದರು.

ಒಂದೇ ವರ್ಷದಲ್ಲಿ ಅರ್ಧ ಅಡಿ ಬೆಳೆದ ಹುಡುಗನಿದ್ದರೆ ಆ ವರ್ಷ ಭಾರ ಏರಿಸುವ ಆತುರ ಬೇಡ. ಉದ್ದವಾದ ಹೊಸ ಕೈಕಾಲು ಅವನಿಗೇ ಅಪರಿಚಿತ.

ಸ್ಪಿನ್ನರ್‌ಗಳೂ ಇದನ್ನೆಲ್ಲ ಮಾಡಬೇಕೇ? ಕಾಲು, ನಡು, ಭುಜದ ಕೆಲಸ ಮಾಡಬೇಕು. ಪೆಟ್ಟಿಗೆಯಿಂದ ಇಳಿಯುವುದನ್ನು ಅರ್ಧ ಮಾಡಿದರೆ ಸಾಕು. ಅದರ ಬದಲು ಮೆಡಿಸಿನ್ ಬಾಲ್ ತಿರುಗಿಸಿ ಎಸೆಯುವುದನ್ನು ಹೆಚ್ಚಿಸಿ. ಜೊತೆಗೆ ಐದು ಬೆರಳಿಗೂ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ ಬಿಡಿಸುವ ಅಭ್ಯಾಸ, ಬಸ್ಸಿನಲ್ಲಿ ಕೂತೂ ಮಾಡಬಹುದು.

ನೋವು ಬಂದರೆ, ಮತ್ತು ಎಂಟು ವಾರದ ನಂತರ

ತೊಡೆ, ಕುಂಡಿ, ಬೆನ್ನಿನ ಎರಡೂ ಪಕ್ಕ ಒಂದೇ ಸಮ ಹಿಡಿದುಕೊಂಡು ಎರಡು ದಿನದಲ್ಲಿ ಬಿಟ್ಟರೆ ಅದು ವ್ಯಾಯಾಮದ ನೋವು. ಸೊಂಟದ ಒಂದೇ ಪಕ್ಕ, ಬೆರಳಿಟ್ಟು ತೋರಿಸುವಂತಿದ್ದು, ಹಿಂದಕ್ಕೆ ಬಾಗಿದಾಗ ಚುಚ್ಚಿದರೆ ಅದು ಬೇರೆ. ಆ ಪಕ್ಕದ ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿ ನೋಡಿ. ಚುಚ್ಚಿತೇ? ಬೌಲಿಂಗ್ ಅಲ್ಲಿಗೇ ನಿಲ್ಲಿಸಿ. ವೈದ್ಯರಿಗೆ ತೋರಿಸುವಾಗ ವೇಗದ ಬೌಲರ್ ಎಂದು ಮೊದಲೇ ಹೇಳಿ, ಏಕೆಂದರೆ ಶುರುವಿನ ಬಿರುಕು ಸಾಮಾನ್ಯ ಎಕ್ಸ್‌ರೇಯಲ್ಲಿ ಹಲವು ಸಲ ಕಾಣುವುದಿಲ್ಲ, ಎಂಆರ್‌ಐ ಬೇಕಾಗಬಹುದು. ನೋವಿನ ಮಾತ್ರೆ ನುಂಗಿ ಎರಡು ಓವರ್ ಎಸೆದು ನೋಡುತ್ತೇನೆ ಎನ್ನುವವರಿಗೆ ಎರಡು ವಾರದ ವಿಶ್ರಾಂತಿ ಆರು ತಿಂಗಳಾಗುತ್ತದೆ.

ಎಂಟು ವಾರಕ್ಕೊಮ್ಮೆ ಅದೇ ನಾಲ್ಕು ಪರೀಕ್ಷೆ ಮತ್ತೆ ಮಾಡಿ, ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ಎಡಗಾಲಿನ ಹಿಮ್ಮಡಿ ಎಣಿಕೆ ಬಲಗಾಲಿಗಿಂತ ಇನ್ನೂ ಹಿಂದಿದ್ದರೆ ಮುಂದಿನ ಎಂಟು ವಾರ ಆ ಕಾಲಿಗೆ ಒಂದು ಸೆಟ್ ಹೆಚ್ಚು. ಮಂಡಿ ಒಳಗೆ ವಾಲುವ ವಿಡಿಯೊ ಹಾಗೇ ಇದ್ದರೆ ಭಾರ ಏರಿಸುವುದನ್ನು ನಿಲ್ಲಿಸಿ, ಮತ್ತೆ ಕುರ್ಚಿಗೆ ಬನ್ನಿ.